ಮೂರಡಿ ದೂರಕ್ಕೆ ಹೇಳಿ ಮಾಡಿಸಿದ ಜೋಡಿ: ಪ್ರಿಸೋನಸ್ ಎರಿಸ್ ಇ3.5

ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ. ಮನೆಯಲ್ಲೇ ಹತ್ತಡಿ ಉದ್ದಗಲದ ರೂಮು. ಟೇಬಲ್ ಮೇಲೆ ಸ್ಪೀಕರ್, ಮೂರಡಿ ಆಚೆ ನಾನು. ಇಷ್ಟು ಹತ್ತಿರ ಕೂತು ಕೇಳೋರಿಗೆ ಆಳೆತ್ತರದ ಟವರ್ ಸ್ಪೀಕರ್ ಬೇಡವೇ ಬೇಡ, ಪ್ರಿಸೋನಸ್ ಕಂಪನಿಯ ಎರಿಸ್ ಇ3.5 ಅನ್ನೋ ಈ ಸಣ್ಣ ಸ್ಪೀಕರ್ ಜೋಡಿ ಸಾಕು ಅಂತ ಧೈರ್ಯವಾಗಿ ಹೇಳ್ತೀನಿ.

ದಪ್ಪ ಸದ್ದಿಗೆ ಮೂರೂವರೆ ಇಂಚಿನ ವೂಫರ್, ಸಣ್ಣ ಚೂಪು ಸದ್ದಿಗೆ ಒಂದಿಂಚಿನ ಟ್ವೀಟರ್, ಒಂದೊಂದು ಪೆಟ್ಟಿಗೆಗೆ 25 ವಾಟ್. ಕೇಳೋಕೆ ಕಮ್ಮಿ ಅನ್ನಿಸುತ್ತೆ. ಆದರೆ ದೂರ ಅರ್ಧಕ್ಕಿಳಿದರೆ ಸ್ಪೀಕರ್‌ನಿಂದ ನೇರವಾಗಿ ಬರೋ ಸದ್ದು ಸುಮಾರು 6 ಡೆಸಿಬೆಲ್ ಏರುತ್ತೆ, ಗೋಡೆಗೆ ಬಡಿದು ಬರೋದು ಅಷ್ಟು ಏರಲ್ಲ. ಹಾಗಾಗಿ ಬೋಳು ಗೋಡೆ, ಗ್ರಾನೈಟ್ ನೆಲದ ನನ್ನ ರೂಮಲ್ಲೂ ಮಾತು ಬಿಡಿಬಿಡಿಯಾಗಿ ಕೇಳುತ್ತೆ. ಗಟ್ಟಿಮೇಳದ ಹೊತ್ತಿಗೆ ಡೋಲು, ನಾದಸ್ವರ ಒಟ್ಟಿಗೇ ಏರ್ತಾವಲ್ಲ, ಅದರಡಿ ಅಯ್ಯನೋರ ಮಂತ್ರ ಎಷ್ಟು ಉಳಿದಿದೆ, ಮೈಕಿನ ಸದ್ದು ಎಲ್ಲಿ ಒಡೆದಿದೆ ಅಂತ ಕೂತಲ್ಲೇ ಗೊತ್ತಾಗುತ್ತೆ. ರಾತ್ರಿ ಕೆಲಸ ಮುಗಿಸಿ ವಾಲ್ಯೂಮ್ ತಗ್ಗಿಸಿ ಮಲ್ಲಿಕಾರ್ಜುನ ಮನ್ಸೂರರ ವಚನ ಹಾಕಿದರೆ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಲ್ಲುತ್ತೆ. ಉಸಿರು ಎಳೆದುಕೊಳ್ಳೋದೂ ಕೇಳುತ್ತೆ.

ಇದೆಲ್ಲ ಸಿಗಬೇಕಾದರೆ ಇಡೋ ರೀತಿಯಲ್ಲಿ ಇಡಬೇಕು. ಎರಡರ ನಡುವೆ ಎಷ್ಟು ಅಂತರವೋ ಅಷ್ಟೇ ದೂರ ನಿಮ್ಮ ತಲೆಗೂ ಇರಲಿ, ಮುಖ ನಿಮ್ಮ ಕಡೆ ತುಸು ತಿರುಗಿರಲಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲೇಬೇಕು. ಬರೀ ಟೇಬಲ್ ಮೇಲಿಟ್ಟರೆ ಹಲಗೆಗೆ ಬಡಿದ ಸದ್ದೂ ಸೇರಿಕೊಂಡು ದನಿ ಮಂಕಾಗುತ್ತೆ. ಬಡಗಿ ಹತ್ತಿರ ಎರಡು ಮರದ ದಿಮ್ಮಿ ಕೊಯ್ಯಿಸಿ ಕೆಳಗೆ ಕೊಟ್ಟಿದ್ದೀನಿ. ಗಾಳಿ ತೂತು ಹಿಂದುಗಡೆ ಇರೋದ್ರಿಂದ ಗೋಡೆಗೆ ಆನಿಸಬೇಡಿ, ಒಂದು ಗೇಣಾದರೂ ಬಿಡಿ. ಮೂಲೆಯಂತೂ ಬೇಡ, ಅಲ್ಲಿ ಬಾಸ್, ಅಂದ್ರೆ ದಪ್ಪ ಸದ್ದು, ಗುಂಯ್ಗುಡುತ್ತೆ. ಜಾಗವೇ ಇಲ್ಲ ಅಂದ್ರೆ ಹಿಂದೆ ಬಾಸಿಗೊಂದು ತಿರುಗಿಸೋ ನಾಬ್ ಇದೆ, ಕಮ್ಮಿ ಮಾಡಿ.

80 ಹರ್ಟ್ಜ್‌ಗಿಂತ ಕೆಳಗಿನ ತೀರಾ ದಪ್ಪ ಸದ್ದನ್ನು ಇದರಿಂದ ನಿರೀಕ್ಷಿಸಬೇಡಿ, ಕಂಪನಿಯೇ ಅಷ್ಟು ಅಂತ ಹೇಳಿದೆ. ಗಣಪತಿ ಮೆರವಣಿಗೆ ಡಿಜೆ ಥರ ಎದೆ ನಡುಗಬೇಕು ಅನ್ನೋರು ಬಾಸಿಗೆ ಅಂತಲೇ ಬೇರೆ ಪೆಟ್ಟಿಗೆ, ಅಂದ್ರೆ ಸಬ್‌ವೂಫರ್, ಇರೋದನ್ನೇ ನೋಡಿ.

ಕೊಳ್ಳೋ ಮುಂಚೆ ಅಂಗಡಿಯವರು ಎತ್ತರದ ಶೆಲ್ಫ್‌ನಲ್ಲಿಟ್ಟು ದೂರದಿಂದ ಕೇಳಿಸಿದರೆ ಒಪ್ಪಬೇಡಿ. ಟೇಬಲ್ ಮೇಲೆ ಇಡಿಸಿ, ಎದುರಿಗೇ ಕುರ್ಚಿ ಹಾಕಿಸಿಕೊಂಡು, ನಿಮಗೆ ಬಾಯಿಪಾಠ ಇರೋ ಹಾಡನ್ನೇ ಹಾಕಿಸಿ.