ಎಡಗೈಗೆ ಕೊಬ್ಬರಿ ಎಣ್ಣೆ, ಬಲಗೈಗೆ ಜೆಲ್ಲಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ನನ್ನದು. ಬೆಳಿಗ್ಗೆಯಿಂದ ಸಂಜೆವರೆಗೆ ಕೈ ಬಿಸಿನೀರಿನ ಬೇಸಿನ್‌ನಲ್ಲೇ ಇರುತ್ತದೆ. ಗೂಡಿನ ಎಳೆ ಹಿಡಿದಿಟ್ಟಿರುವ ಸೆರಿಸಿನ್ ಅನ್ನುವ ಅಂಟು ಬಿಸಿನೀರಲ್ಲಿ ಮೆತ್ತಗಾದರೇನೇ ಎಳೆ ಬಿಡಿಸಿಕೊಳ್ಳುವುದು. ಅದೇ ನೀರು ನಮ್ಮ ಚರ್ಮದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಚಳಿ ಶುರುವಾದರೆ ಬೆರಳ ತುದಿ, ಗೆಣ್ಣು ಎಲ್ಲ ಬಿರಿಯುತ್ತವೆ. ಮನೆಯಲ್ಲಿ ಎಲ್ಲರೂ ಕೂತು ಅವರೆಬೇಳೆ ಹಿತಕುವಾಗ ನನ್ನ ಬೆರಳಲ್ಲಿ ರಕ್ತ. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ತಾಗಿ ಕಣ್ಣಲ್ಲಿ ನೀರು.

ಕಳೆದ ಚಳಿಗಾಲದಲ್ಲಿ ಒಂದು ತೀರ್ಮಾನ ಮಾಡಿದೆ. ಮಲಗುವ ಮುಂಚೆ ಎಡಗೈಗೆ ಗಾಣದ ಕೊಬ್ಬರಿ ಎಣ್ಣೆ, ಬಲಗೈಗೆ ಪೆಟ್ರೋಲಿಯಂ ಜೆಲ್ಲಿ. ಬಲಗೈಗೆ ಕೆಲಸ ಜಾಸ್ತಿ, ಅಲ್ವಾ? ಅದಕ್ಕೆ ಎರಡು ವಾರ ಆದ ಮೇಲೆ ಕೈ ಬದಲಾಯಿಸಿದೆ.

ಎಣ್ಣೆ ಹಚ್ಚಿಕೊಳ್ಳಲು ಹಿತ. ಬೇಗ ಇಂಗುತ್ತದೆ, ಹೊದಿಕೆಗೆ ಜಿಡ್ಡಾಗುವುದಿಲ್ಲ. ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹಾಗೆಯೇ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ಆದರೆ ಬೆಳಿಗ್ಗೆ ಎದ್ದಾಗ ಕೈ ಮತ್ತೆ ಬಿರುಸು. ಬರೀ ಒಣಕಲಾದ ಚರ್ಮಕ್ಕೆ ಎಣ್ಣೆ ಸಾಕಾಗಬಹುದು. ಆಳವಾದ ಬಿರುಕಿಗೆ ನನಗಂತೂ ಸಾಕಾಗಲಿಲ್ಲ.

ಜೆಲ್ಲಿ ಅಂಟಂಟು, ಕೈಯಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ಆದರೂ ಗೆದ್ದದ್ದು ಅದೇ. ಕೈ ಬದಲಾಯಿಸಿದ ಮೇಲೂ ಜೆಲ್ಲಿ ಹಚ್ಚಿದ ಕಡೆಯೇ ಬಿರುಕು ಮೊದಲು ಕೂಡಿತು. ಒಂದು ವಿಷಯ ತಡವಾಗಿ ತಿಳಿಯಿತು. ಜೆಲ್ಲಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರದ ಹಾಗೆ ಮುಚ್ಚುತ್ತದೆ, ಅಷ್ಟೇ. ಪೂರ್ತಿ ಒಣಗಿದ ಕೈಗೆ ಸುಮ್ನೆ ಬಳಿದುಕೊಂಡರೆ ಹೆಚ್ಚು ಪ್ರಯೋಜನ ಇಲ್ಲ. ಕೈ ತೊಳೆದು, ಮೆಲ್ಲಗೆ ಒತ್ತಿ ಒರೆಸಿ, ಪಸೆ ಇರುವಾಗಲೇ ಹಚ್ಚಬೇಕು. ಮೇಲೆ ಹಳೇ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗಿದರೆ ಇನ್ನೂ ಒಳ್ಳೆಯದು.

ಆಮೇಲೆ ಡಾಕ್ಟರ್ ಹೇಳಿದ ಯೂರಿಯಾ ಕ್ರೀಮ್ ತಂದೆ, ಶೇಕಡ 10ರದ್ದು. ಹೊಲಕ್ಕೆ ಹಾಕುವ ಯೂರಿಯಾನಾ ಅಂತ ಅತ್ತೆ ಗಾಬರಿಯಾದರು. ಯೂರಿಯಾ ನಮ್ಮ ಚರ್ಮದಲ್ಲೂ ಇರುವಂಥದ್ದೇ, ನೀರನ್ನು ಹಿಡಿದಿಡುತ್ತದೆ, ದಪ್ಪಗಟ್ಟಿದ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಅಂಗೈಯ ಗಟ್ಟಿ ಪದರಕ್ಕೆ ಇದರಷ್ಟು ಒಳ್ಳೆಯದು ನಾನು ಕಂಡಿಲ್ಲ. ಆದರೆ ತೆರೆದ ಬಿರುಕಿಗೆ ತಾಗಿದರೆ ವಿಪರೀತ ಉರಿ. ಹಾಗಾಗಿ ಮೊದಲು ಜೆಲ್ಲಿಯಿಂದ ಬಿರುಕು ಮುಚ್ಚಿಸಿ, ಆಮೇಲೆ ಯೂರಿಯಾ ಹಚ್ಚುತ್ತೇನೆ.

ಇವು ಮೂರನ್ನೂ ಕೆಲಸಕ್ಕೆ ಮುಂಚೆ ಹಚ್ಚುವ ಹಾಗಿಲ್ಲ. ಜಿಡ್ಡು ಕೈಗೆ ಎಳೆ ನಿಲ್ಲುವುದಿಲ್ಲ, ನೂಲಿಗೂ ಅಂಟುತ್ತದೆ. ರಬ್ಬರ್ ಗ್ಲೌಸ್ ಹಾಕಿ ನೋಡಿದೆ, ಎಳೆಯ ತುದಿಯೇ ಬೆರಳಿಗೆ ತಿಳಿಯಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಮಾತ್ರ ಈಗ ಗ್ಲೌಸ್ ಬಿಡುವುದಿಲ್ಲ. ದಿನವಿಡೀ ನೆಂದ ಕೈಗೆ ಸೋಪು ಪುಡಿಯೂ ಸೇರಿದರೆ ಯಾವ ಕ್ರೀಮೂ ನಿಲ್ಲುವುದಿಲ್ಲ.

ಬೆರಳ ಸಂದಿಯದು ಬೇರೆಯೇ ಕಾಯಿಲೆ, ಶಿಲೀಂಧ್ರದ (ಫಂಗಸ್) ಸೋಂಕು. ಅಲ್ಲಿ ಚರ್ಮ ಬಿಳಚಿಕೊಂಡು, ನೆಂದ ಕಾಗದದ ಹಾಗೆ ಸುಲಿಯುತ್ತಿತ್ತು, ತುರಿಕೆ ಬೇರೆ. ಇದೂ ಬಿರುಕೇ ಅಂದುಕೊಂಡು ಜೆಲ್ಲಿ ತುಂಬಿದೆ. ಪಸೆ ಒಳಗೇ ನಿಂತು ಜಾಸ್ತಿಯಾಯಿತು. ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟ ಕ್ರೀಮ್ ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ನಿಂತಿತು, ಬಿಟ್ಟ ಮೇಲೆ ಅಕ್ಕಪಕ್ಕದ ಸಂದಿಗೂ ಹರಡಿತು. ಅದರಲ್ಲಿ ಸ್ಟಿರಾಯ್ಡ್ ಬೆರೆತಿತ್ತು ಅಂತ ಚರ್ಮದ ಡಾಕ್ಟರ್ ಟ್ಯೂಬ್ ನೋಡಿ ಹೇಳಿದರು. ಸ್ಟಿರಾಯ್ಡ್ ಚರ್ಮದ ಕೆಂಪನ್ನೂ ತುರಿಕೆಯನ್ನೂ ಮರೆಮಾಡುತ್ತದೆ, ಶಿಲೀಂಧ್ರ ಮಾತ್ರ ಒಳಗೇ ಬೆಳೆಯುತ್ತಿರುತ್ತದಂತೆ. ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಔಷಧಿ ಮಾತ್ರ ಇರುವ ಕ್ರೀಮ್ ಬರೆದುಕೊಟ್ಟರು. ಸಂದಿಯನ್ನು ಚೆನ್ನಾಗಿ ಒಣಗಿಸಿ ದಿನಕ್ಕೆ ಎರಡು ಸಲ ಹಚ್ಚಬೇಕು, ವಾಸಿಯಾದಂತೆ ಕಂಡ ಮೇಲೂ ಎರಡು ವಾರ ಬಿಡಬಾರದು ಅಂದರು. ಈಗ ಮನೆಗೆ ಬಂದ ತಕ್ಷಣ ಹತ್ತಿ ಬಟ್ಟೆಯಿಂದ ಒಂದೊಂದೇ ಸಂದಿ ಒರೆಸಿಕೊಳ್ಳುತ್ತೇನೆ. ಜೆಲ್ಲಿ ಹಚ್ಚುವಾಗ ಆ ಜಾಗ ಬಿಟ್ಟೇ ಹಚ್ಚುತ್ತೇನೆ.