ಹಗ್ಗ ಕಟ್ಟಿ ಕಾಲಿನ ವೇಗ ಹೆಚ್ಚಿಸುವವರ ಬಗ್ಗೆ ಹುಷಾರು

ಟೆನ್‌ಕೆ, ಅಂದರೆ ಹತ್ತು ಕಿಲೋಮೀಟರ್ ಓಟದ ಸೀಸನ್ ಬಂತು ಅಂದರೆ ಬೆಂಗಳೂರಿನ ಪಾರ್ಕುಗಳಲ್ಲಿ 'ಲೆಗ್ ಸ್ಪೀಡ್' ಪ್ಯಾಕೇಜುಗಳು ಶುರು. ಕೆಲವೇ ವಾರದಲ್ಲಿ ಕಾಲು ಚುರುಕಾಗುತ್ತದೆ ಅಂತಾರೆ. ಹಣ ಕಟ್ಟುವ ಮುಂಚೆ ಇದನ್ನು ಓದಿ. ನಾನು ಕಟ್ಟಿದ್ದೆ. ಹೆಸರು ಬೇಡ, ಇಂಥವರು ಸುಮಾರು ಜನ ಇದ್ದಾರೆ.

ಮೊದಲ ದಿನವೇ ಫೋನಿಗೆ ಮೆಟ್ರೋನೋಮ್, ಅಂದರೆ ತಾಳಕ್ಕೆ ಸರಿಯಾಗಿ ಟಿಕ್ ಟಿಕ್ ಅನ್ನೋ ಆ್ಯಪ್, ಹಾಕಿಸಿದರು. ನಿಮಿಷಕ್ಕೆ 180 ಹೆಜ್ಜೆ. ನಿಧಾನಕ್ಕೆ ಓಡಿದರೂ 180, ಜೋರಾಗಿ ಓಡಿದರೂ 180. ಎತ್ತರ ಎಷ್ಟು, ಈಗ ಎಷ್ಟು ಹೆಜ್ಜೆ ಬೀಳುತ್ತೆ ಅಂತ ಯಾರೂ ಕೇಳಲಿಲ್ಲ. ಊರಿಗೆಲ್ಲ ಒಂದೇ ಸೈಜಿನ ಚಪ್ಪಲಿ ಹಂಚಿದ ಹಾಗೆ.

ಈ 180 ಬಂದಿದ್ದು ಜಾಕ್ ಡೇನಿಯಲ್ಸ್ ಅನ್ನೋ ಅಮೆರಿಕದ ಕೋಚ್‌ನಿಂದ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವರು ಓಟಗಾರರ ಹೆಜ್ಜೆ ಎಣಿಸಿದ್ದರು. ಅದು ಜಗತ್ತಿನ ಅತಿ ವೇಗದವರು ರೇಸ್ ಓಡುವಾಗಿನ ಲೆಕ್ಕ. ಕಿಲೋಮೀಟರಿಗೆ ಏಳು ನಿಮಿಷ ತಗೊಳ್ಳುವ ನಮಗೆ ಅದನ್ನೇ ಹೇರಿದರೆ ತುದಿಗಾಲಲ್ಲಿ ಕುಣಿದ ಹಾಗಾಗುತ್ತೆ. ಮೀನಖಂಡ ಉರಿಯತೊಡಗಿತು. ನಿಮ್ಮ ಸಹಜ ಎಣಿಕೆಯ ಮೇಲೆ ಶೇಕಡ 5ರಷ್ಟು ಹೆಚ್ಚಿಸಿದರೆ ಮೊಣಕಾಲಿನ ಭಾರ ಕಡಿಮೆಯಾಗುತ್ತೆ ಅನ್ನೋದು ನಿಜ. ಆದರೆ 160 ಇದ್ದವರಿಗೆ ಅದು 168, ಅಷ್ಟೇ.

ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ಅಪಾಯ ಹಗ್ಗದ್ದು.

ಸೊಂಟಕ್ಕೆ ಬೆಲ್ಟು, ಅದಕ್ಕೆ ರಬ್ಬರ್ ಹಗ್ಗ, ಹಗ್ಗದ ಇನ್ನೊಂದು ತುದಿಯಲ್ಲಿ ನನಗಿಂತ ವೇಗವಾಗಿ ಓಡುವ ಹುಡುಗ. ಜಾಗ ಇಳಿಜಾರಿನ ಡಾಂಬರು ರಸ್ತೆ. ಅವನು ಓಡಿದ. ಹಗ್ಗ ಬಿಗಿಯಾಯಿತು, ಬಕಲ್ ಹೊಟ್ಟೆಗೆ ಒತ್ತಿತು, ನನ್ನ ಕಾಲು ಮೈಗಿಂತ ಎಷ್ಟೋ ಮುಂದೆ ಬೀಳತೊಡಗಿತು. ಬಲ ತೊಡೆಯ ಹಿಂದೆ 'ಟಪ್' ಅಂತು. ಕೋಚ್ ಬಂದು, "ಕ್ರ್ಯಾಂಪ್ ಅಷ್ಟೇ" ಅಂತ ಕಾಲನ್ನು ಫುಟ್‌ಪಾತ್ ಕಲ್ಲಿನ ಮೇಲಿಟ್ಟು ಸ್ಟ್ರೆಚ್ ಮಾಡಿಸಿದರು. ಹರಿದ ಸ್ನಾಯುವನ್ನು ಎಳೆಸಿದ್ದು! ಆಮೇಲೆ ಫಿಸಿಯೋ ಹೇಳಿದಾಗಲೇ ಗೊತ್ತಾಗಿದ್ದು, ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಹರಿದಿದೆ ಅಂತ. ಹಣ ವಾಪಸ್ ಕೇಳಿದರೆ, "ವಾರ್ಮ್‌ಅಪ್ ನೀವೇ ಸರಿಯಾಗಿ ಮಾಡಿಲ್ಲ" ಅಂದರು. ವಾರ್ಮ್‌ಅಪ್ ಮಾಡಿಸಿದ್ದು ಅವರೇ, ಎರಡು ಸಲ ಕೈ ಬೀಸಿಸಿ.

ಮುಂದೆ ಬೀಸಿದ ಕಾಲು ನೆಲ ಮುಟ್ಟುವ ಮುಂಚೆ ಅದಕ್ಕೆ ಬ್ರೇಕ್ ಹಾಕೋದು ಈ ಹ್ಯಾಮ್‌ಸ್ಟ್ರಿಂಗ್. ಆ ಗಳಿಗೆಯಲ್ಲಿ ಅದು ಉದ್ದಕ್ಕೆ ಎಳೆದುಕೊಂಡೇ ದುಡಿಯುತ್ತಿರುತ್ತದೆ. ನಮ್ಮ ಶಕ್ತಿ ಮೀರಿದ ವೇಗಕ್ಕೆ ಯಾರೋ ಎಳೆದರೆ ಆ ಹೊರೆ ಇನ್ನೂ ಜಾಸ್ತಿ. ಇಂಥ ತರಬೇತಿ ವರ್ಷಗಟ್ಟಲೆ ಪಳಗಿದ ಸ್ಪ್ರಿಂಟರ್‌ಗಳಿಗೆ, ಅದೂ ಟ್ರ್ಯಾಕ್ ಮೇಲೆ, ಅಳೆದು ತೂಗಿ. ವಾರಾಂತ್ಯಕ್ಕೆ ಓಡುವ ನಮಗಲ್ಲ.

ಕಾಲಿಗೆ ಮರಳಿನ ಪಟ್ಟಿ ಕಟ್ಟಿಸುವುದನ್ನೂ ನೋಡಿದೆ. ತುದಿಯಲ್ಲಿ ಭಾರ ಇದ್ದರೆ ಕಾಲು ಬೀಸೋದೇ ನಿಧಾನ. ವೇಗ ಎಲ್ಲಿಂದ ಬರಬೇಕು?

ಹೆಜ್ಜೆ ಎಣಿಕೆಯೇ ಎಲ್ಲವೂ ಅಲ್ಲ. 2009ರಲ್ಲಿ ಬರ್ಲಿನ್‌ನಲ್ಲಿ ಜಮೈಕಾದ ಉಸೇನ್ ಬೋಲ್ಟ್ 9.58 ಸೆಕೆಂಡಿಗೆ ನೂರು ಮೀಟರ್ ಮುಗಿಸಿದ್ದು 41 ಹೆಜ್ಜೆಯಲ್ಲಿ. ಹಿಂದೆ ಬಿದ್ದ ಅಮೆರಿಕದ ಟೈಸನ್ ಗೇ ಅವರ ಹೆಜ್ಜೆಗಳೇ ಜಾಸ್ತಿ.

ಈಗ ನಾನು ಮಾಡೋದು ಇಷ್ಟೇ. ಆರಾಮಾಗಿ ಓಡಿದ ಮೇಲೆ 80 ಮೀಟರಿನ ನಾಲ್ಕೈದು ಸ್ಟ್ರೈಡ್ಸ್ (ಮೆಲ್ಲಗೆ ವೇಗ ಏರಿಸುತ್ತಾ ಓಡುವ ಚಿಕ್ಕ ಓಟ), ನಡುವೆ ನಡಿಗೆ. ಗಾಯ ಪೂರ್ತಿ ವಾಸಿಯಾದ ಮೇಲೆ ಏರಿನಲ್ಲಿ ಹತ್ತು ಸೆಕೆಂಡಿನ ಓಟ. ಬಿಟ್ಟಿ ಕೆಲಸ, ಯಾರಿಗೂ ಫೀಸ್ ಕೊಡಬೇಕಿಲ್ಲ.

ಬೇಸಿಗೆ ರಜೆಗೆ ಹೈಸ್ಕೂಲ್ ಮಕ್ಕಳಿಗೂ ಇದೇ ಹಗ್ಗದ ಕ್ಲಾಸ್ ಶುರು ಮಾಡಿದ್ದಾರೆ. ಅಪ್ಪ ಅಮ್ಮಂದಿರು ಒಂದು ದಿನ ನಿಂತು ನೋಡಿ. ಇಳಿಜಾರಲ್ಲಿ ಹಗ್ಗ ಕಂಡರೆ ಮಗುವನ್ನು ಮನೆಗೆ ಕರಕೊಂಡು ಬನ್ನಿ.