ಈ ಮಳೆಗಾಲಕ್ಕೆ ಎರಡು ಪುಸ್ತಕ

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕು ಎರಡೂ ಹೋಗುತ್ತವೆ. ಪುಸ್ತಕ ಈಗಲೇ ತರಿಸಿಡಿ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿಲ್ಲ ಅಂದ್ರೆ ಮೊದಲು ಅದು. ಸಣ್ಣದು, ಒಂದು ಸಂಜೆಗೆ ಮುಗಿಯುತ್ತದೆ. ಕಷ್ಟದಲ್ಲಿದ್ದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ಅಂತ ದುಡ್ಡು ಕಾಣುತ್ತದೆ, ಆಮೇಲೆ ದುಡಿಯುವ ಆ ಒಬ್ಬನನ್ನು ಕಾಯ್ದುಕೊಳ್ಳಲು ಮನೆಮಂದಿಯೆಲ್ಲ ಎಲ್ಲಿಯವರೆಗೂ ಹೋಗಬಲ್ಲರು ಅನ್ನುವುದೇ ಕಥೆ. ಹಳೇ ಮನೆಯಲ್ಲಿ ಇರುವೆಗಳ ಜೊತೆ ಅಮ್ಮ ಕಾದಾಡುವ ಭಾಗ ಬರುತ್ತದಲ್ಲ, ಮೊದಲು ನಗು ಬರುತ್ತದೆ, ಆಮೇಲೆ ಅವುಗಳನ್ನು ಕೊಲ್ಲುವಾಗ ಇವರಿಗಾಗುವ ಖುಷಿ ನೋಡಿ ಭಯವಾಗುತ್ತದೆ. ಕೊನೆಯನ್ನು ಬಿಡಿಸಿ ಹೇಳುವುದಿಲ್ಲ. ಕೆಲವರಿಗೆ ಸಿಟ್ಟು ಬರಬಹುದು, ನನಗಂತೂ ಅದೇ ಇಷ್ಟ.

ಕಥೆ ಬೇಡ, ನಿಜವಾಗಿ ನಡೆದದ್ದು ಬೇಕು ಅನ್ನುವವರಿಗೆ ಕೃಪಾಕರ–ಸೇನಾನಿ ಅವರ 'ಸೆರೆಯಲ್ಲಿ ಕಳೆದ ಹದಿನಾಲ್ಕು ದಿನಗಳು'. ಸ್ವಲ್ಪ ಹಳೇದು, ಪರವಾಗಿಲ್ಲ. ಈ ಇಬ್ಬರು ವನ್ಯಜೀವಿ ಛಾಯಾಗ್ರಾಹಕರನ್ನು 1997ರಲ್ಲಿ ವೀರಪ್ಪನ್ ಎತ್ತಿಕೊಂಡು ಹೋಗಿದ್ದ, ಸರ್ಕಾರದ ದೊಡ್ಡ ಜನ ಅಂದುಕೊಂಡು! ಎದೆ ನಡುಗಿಸುವ ಪುಸ್ತಕ ಅಂತ ಹಿಡಿದರೆ ಸುಮ್ನೆ ನಗ್ತಾ ಕೂರ್ತೀರಿ. ಕಾಡು ಗೊತ್ತಿರುವ ನಮ್ಮ ಮಲೆನಾಡಿನವರಿಗೆ ಇದು ಜಾಸ್ತಿ ರುಚಿಸುತ್ತದೆ. ಶಿವಮೊಗ್ಗದ ಅಂಗಡಿಯಲ್ಲಿ ಇರದಿದ್ದರೆ ಹೇಳಿಟ್ಟು ಬನ್ನಿ, ತರಿಸಿಕೊಡುತ್ತಾರೆ.